ಅಂಗಳವೇ ಗ್ಯಾರೇಜು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು 2015ರ ಪೋಲೋ ಜಿಟಿ ಟಿಎಸ್‌ಐ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತಾ ಬಂದು ಕೊನೆಗೆ ತಳ ಮುಟ್ಟಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಪ್ಯಾಡ್ ಹೊಸದು. ಬ್ರೇಕ್ ಆಯಿಲ್ ಬದಲಿಸಿದ ನೆನಪಿಲ್ಲ. ದೊಡ್ಡ ಡಿಸ್ಕ್ ಹಾಕಿಸಬೇಕೇ?
(ಮುಳ್ಳೇರಿಯದ ಓದುಗರು)

ಉತ್ತರ: ಡಿಸ್ಕಿಗೆ ದುಡ್ಡು ಸುರಿಯಬೇಡಿ. ಕುದಿದದ್ದು ಬ್ರೇಕ್ ಆಯಿಲ್. ಪ್ಯಾಡ್ ಕಾದು ಸೋತಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತಿತ್ತು, ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ, ಸುಟ್ಟ ವಾಸನೆಯೂ ಬರುತ್ತಿತ್ತು. ಪೆಡಲ್ ತಳ ಮುಟ್ಟಿ, ತಣಿದ ಮೇಲೆ ತಾನಾಗಿ ಮೇಲೆ ಬಂತೆಂದರೆ ಪೈಪಿನೊಳಗೆ ಆವಿ ಎದ್ದಿತ್ತು. ದ್ರವವನ್ನು ಅದುಮಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ. ಆವಿಯನ್ನು ಅದುಮಿದರೆ ಆವಿಯೇ ಕುಗ್ಗುತ್ತದೆ, ಅಷ್ಟೆ.

ನಾವು ಆಯಿಲ್ ಎಂದರೂ ಅದು ಎಣ್ಣೆಯಲ್ಲ, ಗಾಳಿಯ ತೇವ ಹೀರುವ ಗ್ಲೈಕಾಲ್ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ತಾಳಬೇಕು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿ ಎಂಥದ್ದೆಂದು ಹಪ್ಪಳ ಹೊರಗಿಟ್ಟವರಿಗೆ ಗೊತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಸೀಲ್ ಒಡೆಯದ ಒಂದು ಲೀಟರ್ ಡಾಟ್ 4 ತನ್ನಿ. ಡಾಟ್ 5.1 ಕೂಡ ಗ್ಲೈಕಾಲ್, ಹಾಕಬಹುದು. ಬರೀ ಡಾಟ್ 5 ಎಂದರೆ ಸಿಲಿಕಾನ್, ಅದು ಬೇಡ. ಜೊತೆಗೆ ಬ್ಲೀಡ್ ನಿಪ್ಪಲ್‌ಗೆ (ಪ್ರತಿ ಚಕ್ರದ ಬ್ರೇಕಿನಲ್ಲಿ ದ್ರವ ಹೊರಬಿಡುವ ತಿರುಪು) ಸರಿಹೊಂದುವ ರಿಂಗ್ ಸ್ಪ್ಯಾನರ್, ಎರಡಡಿ ಪಾರದರ್ಶಕ ಪೈಪು, ಒಂದು ಬಾಟಲಿ, ಸಿರಿಂಜು ಮತ್ತು ಪೆಡಲ್ ಒತ್ತಲು ಒಬ್ಬರು ಬೇಕು. ಬ್ಲೀಡ್ ನಿಪ್ಪಲ್‌ಗಳು ನಮ್ಮಲ್ಲಿ ತುಕ್ಕು ಹಿಡಿದೇ ಇರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಓಪನ್ ಸ್ಪ್ಯಾನರ್ ಹಾಕಿ ಮೂಲೆ ಸವೆಸಿದರೆ ಆಮೇಲೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರನ್ನೇ ಬಿಚ್ಚುವ ಕೆಲಸ.

ಗಾಡಿ ಎತ್ತುವ ಜಾಗ ನೋಡಿಕೊಳ್ಳಿ. ಮಣ್ಣಿನ ಅಂಗಳದಲ್ಲಿ ಮಳೆಗೆ ಜಾಕ್ ನಿಧಾನಕ್ಕೆ ಹೂತು ವಾಲುತ್ತದೆ. ಪಾಚಿ ಹಿಡಿದ ಸಿಮೆಂಟ್ ಅಂಗಳದಲ್ಲಿ ಸ್ಟ್ಯಾಂಡೇ ಜಾರುತ್ತದೆ. ಅಡಿಯಲ್ಲಿ ಒಂದೂವರೆ ಇಂಚು ದಪ್ಪದ ಹಲಗೆ ಇಡಿ, ಜಾಕಿನ ಮೇಲೆ ಬಿಡದೆ ಸ್ಟ್ಯಾಂಡಿಗೆ ಇಳಿಸಿ. ಮುರಕಲ್ಲು (ಕೆಂಪುಕಲ್ಲು) ಜೋಡಿಸಿ ಅದರ ಮೇಲೆ ಕಾರು ಕೂರಿಸುವ ಅಭ್ಯಾಸ ಕಾಸರಗೋಡಿನ ಉದ್ದಕ್ಕೂ ಇದೆ. ಆ ಕಲ್ಲು ಗೋಡೆಗೆ ಸರಿ. ಕಾರಿನ ಭಾರ ಒಂದೇ ಬಿಂದುವಿನ ಮೇಲೆ ಬಿದ್ದರೆ ಒಂದೇ ಏಟಿಗೆ ಸೀಳುತ್ತದೆ.

ಎಂಜಿನ್ ಆಫ್ ಇರಲಿ. ಬಾನೆಟ್ ಅಡಿಯ ಬ್ರೇಕ್ ಆಯಿಲ್ ಡಬ್ಬದಲ್ಲಿರುವ ಹಳೆಯ ದ್ರವವನ್ನು ಸಿರಿಂಜಿನಿಂದ ಎಳೆದು ಹೊಸದನ್ನು ತುಂಬಿ. ಚಕ್ರಗಳ ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಪುಸ್ತಕದಲ್ಲಿರುವುದೇ ಅಂತಿಮ. ನಿಪ್ಪಲ್‌ಗೆ ಪೈಪು ಸಿಕ್ಕಿಸಿ, ಅದರ ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಲಿ. ಒಳಗಿನವರು ಪೆಡಲ್ ಒತ್ತಿ ಹಿಡಿಯಬೇಕು, ನೀವು ಕಾಲು ಸುತ್ತು ಸಡಿಲಿಸಿ, ಹರಿದ ಮೇಲೆ ಬಿಗಿಯಬೇಕು, ಆಮೇಲೆ ಮಾತ್ರ ಅವರು ಕಾಲು ತೆಗೆಯಬೇಕು. ಈ ಸರದಿ ತಪ್ಪಿದರೆ ಗಾಳಿ ಒಳಗೆ. ಪೆಡಲ್ ಅಡಿಗೆ ಒಂದು ಮರದ ತುಂಡು ಇಟ್ಟು ಪೂರ್ತಿ ಕೆಳಗೆ ಹೋಗದಂತೆ ಮಾಡಿ. ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾದರೆ ಅದರ ತುದಿಭಾಗ ವರ್ಷಗಟ್ಟಲೆ ಬಳಕೆಯಾಗದೆ ಒರಟಾಗಿರುತ್ತದೆ, ಸೀಲ್ ಅಲ್ಲಿಗೆ ಉಜ್ಜಿ ಹೋದರೆ ಹರಿಯುತ್ತದೆ. ಬ್ರೇಕ್ ಬ್ಲೀಡ್ ಮಾಡಿದ ಮರುದಿನವೇ ಮಾಸ್ಟರ್ ಸಿಲಿಂಡರ್ ಹೋಯಿತೆಂದು ಅಳುವವರ ಕಥೆಯೆಲ್ಲ ಬಹುತೇಕ ಇದೇ.

ಹಿಂದಿನ ಡ್ರಮ್ ಒಂದೊಂದರಿಂದ ಸುಮಾರು 200 ಎಂಎಲ್, ಮುಂದಿನದರಿಂದ 150 ಎಂಎಲ್ ಹರಿದರೆ ಚಹಾ ಬಣ್ಣ ಹೋಗಿ ತಿಳಿಯಾಗುತ್ತದೆ. ಹತ್ತು ಸಲ ಒತ್ತಿದಾಗಲೊಮ್ಮೆ ಡಬ್ಬ ನೋಡಿ. ಅದು ಬರಿದಾಗಿ ಎಬಿಎಸ್ ಘಟಕಕ್ಕೆ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಗಾಳಿ ಹೊಕ್ಕರೆ ಮನೆಯಲ್ಲಿ ತೆಗೆಯಲಾಗದು, ಸ್ಕ್ಯಾನರ್ ಇರುವಲ್ಲಿಗೇ ಹೋಗಬೇಕು. ಪೇಂಟಿನ ಮೇಲೆ ಚೆಲ್ಲಿದರೆ ಒರೆಸಲು ಹೋಗದೆ ಕೂಡಲೇ ನೀರು ಸುರಿಯಿರಿ. ಬಾಟಲಿಯಲ್ಲಿ ಉಳಿದ ಹೊಸ ದ್ರವವನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ.

ಇನ್ನೊಂದು ಮಾತು. ಕ್ಯಾಲಿಪರಿಗೆ ಕೆಂಪು ಪ್ಲಾಸ್ಟಿಕ್ ಕವಚ ಹಾಕಿದ್ದರೆ ತೆಗೆದುಬಿಡಿ, ಗಾಳಿ ತಾಗಬೇಕಾದ ಜಾಗವನ್ನೇ ಅದು ಮುಚ್ಚುತ್ತದೆ. ನಿಮ್ಮದು ಆಟೋಮ್ಯಾಟಿಕ್, ಘಾಟಿ ಇಳಿಯುವಾಗ ಗೇರ್ ಲಿವರನ್ನು ಮ್ಯಾನ್ಯುವಲ್‌ಗೆ ತಂದು ಎರಡನೆಯದರಲ್ಲಿ ಇಡಿ, ವೇಗವನ್ನು ಎಂಜಿನ್ನೇ ಹಿಡಿಯಲಿ.

ಪ್ರಶ್ನೆ: ಬಲೆನೊ ಆರ್‌ಎಸ್‌ಗೆ 17 ಇಂಚಿನ ಅಲಾಯ್, ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವುದು, ಶಬ್ದದ ಸೈಲೆನ್ಸರ್ – ಮೂರೂ ಮಾಡಿಸುವ ಆಸೆ. ಸಲಹೆ ಕೊಡಿ.
(ಉಪ್ಪಳದ ಓದುಗರು)

ಉತ್ತರ: ಮೂರರಲ್ಲಿ ಎರಡನ್ನು, ಸ್ಪ್ರಿಂಗ್ ಮತ್ತು ಸೈಲೆನ್ಸರನ್ನು, ಮರೆತುಬಿಡಿ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಕೇರಳದ ಮೋಟಾರು ವಾಹನ ಇಲಾಖೆಯವರು (ಎಂವಿಡಿ) ಇದರಲ್ಲಿ ಬಿಗಿ.

ಕಾನೂನು ಬದಿಗಿಟ್ಟರೂ ಕತ್ತರಿಸಿದ ಸ್ಪ್ರಿಂಗ್ ಅಪಾಯ. ಸುತ್ತು ಕಡಿಮೆಯಾದಷ್ಟು ಅದು ಗಡುಸಾಗುತ್ತದೆ, ಆದರೆ ಉದ್ದ ಸಾಲದೆ ಹೋಗುತ್ತದೆ. ಚಕ್ರ ಗುಂಡಿಗೆ ಇಳಿದು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಪೂರ್ತಿ ಚಾಚಿದಾಗ ಸ್ಪ್ರಿಂಗ್ ಸೀಟು ಬಿಟ್ಟು ಅಲ್ಲಾಡುತ್ತದೆ, ಮತ್ತೆ ಕೂರುವಾಗ ವಾರೆಯಾಗಿ ಕೂರಬಹುದು.

ಟೈರಿನ ಲೆಕ್ಕ ನೀವೇ ಹಾಕಿ. ಈಗಿರುವ 195/55 ಆರ್16ರ ಒಟ್ಟು ವ್ಯಾಸ 621 ಮಿ.ಮೀ. 205/45 ಆರ್17 ಹಾಕಿದರೆ 616, ಸ್ಪೀಡೋಮೀಟರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಟೈರಿನ ಗೋಡೆ 107ರಿಂದ 92 ಮಿ.ಮೀ.ಗೆ ಇಳಿಯುತ್ತದೆ. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯುವ ಅಂಚಿನಲ್ಲಿ ರಿಮ್ಮನ್ನು ಕಾಯುವುದು ಆ 15 ಮಿ.ಮೀ. ರಬ್ಬರೇ. 16 ಇಂಚಿನಲ್ಲೇ ಉಳಿದು, ಮಳೆಯಲ್ಲಿ ಹಿಡಿತ ಚೆನ್ನಾಗಿರುವ ಒಳ್ಳೆಯ ಟೈರ್ ನಾಲ್ಕನ್ನೂ ಒಟ್ಟಿಗೆ ಹಾಕಿ. ಅಲಾಯ್ ಬದಲಿಸುವುದೇ ಆದರೆ ಬೋಲ್ಟ್ ಅಂತರ 4x100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್), ನಡುವಿನ ತೂತು 54.1 ಮಿ.ಮೀ. ತೂತು ದೊಡ್ಡದಿದ್ದರೆ ನಡುವಿನ ಸಂದು ತುಂಬುವ ಹಬ್ ರಿಂಗ್ ಬೇಕು. ಇಲ್ಲದಿದ್ದರೆ ವೇಗ ಏರಿದಾಗ ಸ್ಟಿಯರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಿಲ್ಲದು.

ಪ್ರಶ್ನೆ: ಎಂಜಿನ್ನಿನ ಏರ್ ಫಿಲ್ಟರ್ ಬದಲು ಕೋನ್ ಫಿಲ್ಟರ್ ಹಾಕಿದರೆ ಪವರ್ ಹೆಚ್ಚುವುದೇ?
(ಪೆರ್ಲದ ಓದುಗರು)

ಉತ್ತರ: ಶಬ್ದ ಹೆಚ್ಚುತ್ತದೆ. ಏರ್ ಫಿಲ್ಟರಿನ ಡಬ್ಬ ಕಿತ್ತು ಬೋಳಾಗಿ ಕೂರಿಸಿದ ಕೋನ್ ಬಾನೆಟ್ ಅಡಿಯ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಕಾದರೆ ಸಾಂದ್ರತೆ ಶೇ 3ರಷ್ಟು ಇಳಿಯುತ್ತದೆ.

ಪ್ರಶ್ನೆ: ಹಳೆಯ ಸ್ಯಾನ್ ಸ್ಟಾರ್ಮ್ ಕೊಂಡಿದ್ದೇನೆ. ಮುಂದಿನ ಚಕ್ರದ ಮೇಲೆ ಬಾಡಿ ಬಿರಿದಿದೆ. ಹೊರಗಿನಿಂದ ಪುಟ್ಟಿ ಹಾಕಿದರೂ ತಿಂಗಳಲ್ಲಿ ಮತ್ತೆ ಬಿರಿಯುತ್ತದೆ. ಹೆಡ್‌ಲೈಟೂ ಮಂದ.
(ಕುಂಬಳೆಯ ಓದುಗರು)

ಉತ್ತರ: ಗೋವಾದಲ್ಲಿ ತಯಾರಾದ ಈ ಎರಡು ಸೀಟಿನ ಪುಟ್ಟ ಗಾಡಿಯ ಬಾಡಿ ಫೈಬರ್ ಗ್ಲಾಸ್, ಎಂಜಿನ್ ರೆನೋದ 1,149 ಸಿಸಿ. ತಗಡಿನ ಬಾಡಿ ಕೆಲಸದವರು ಇದನ್ನು ಮುಟ್ಟಲು ಹಿಂಜರಿಯುತ್ತಾರೆ. ನಿಮಗೆ ಬೇಕಾದ ಕಸುಬು ಕಡಪ್ಪುರದಲ್ಲಿ, ಅಂದರೆ ಕಡಲ ತೀರದಲ್ಲಿದೆ: ಮೀನುಗಾರಿಕೆಯ ಫೈಬರ್ ದೋಣಿ ರಿಪೇರಿ ಮಾಡುವವರ ರೆಸಿನ್, ಮ್ಯಾಟ್, ಕೈಚಳಕ ಎಲ್ಲವೂ ಇದೇ.

ಪುಟ್ಟಿಗೆ ಬಲವಿಲ್ಲ, ಬಲ ಇರುವುದು ಗಾಜಿನ ನಾರಿನಲ್ಲಿ. ಆದ್ದರಿಂದ ಒಳಬದಿಯಿಂದ ಪದರ ಕಟ್ಟಬೇಕು. ಮೊದಲು ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಅದು ಮುಂದೆ ಓಡುತ್ತಲೇ ಇರುತ್ತದೆ. ಒಳಗೆ ಬಿರುಕಿನ ಎರಡೂ ಬದಿಗೆ ಐದೈದು ಸೆಂಟಿಮೀಟರ್ ಪೇಂಟ್ ಪೂರ್ತಿ ಹೋಗುವಂತೆ 40 ನಂಬರಿನ ಎಮರಿಯಲ್ಲಿ ಉಜ್ಜಿ, ಬಿರುಕಿನತ್ತ ಇಳಿಜಾರು ಮಾಡಿ, ಅಸಿಟೋನಿನಲ್ಲಿ ಒರೆಸಿ. ಹೊರಬದಿಗೆ ಪ್ಯಾಕಿಂಗ್ ಟೇಪ್ ಬಿಗಿಯಾಗಿ ಅಂಟಿಸಿ. ಈ ಪುಡಿ ಮೈಗೆ ತಾಗಿದರೆ ತುರಿಕೆ, ಶ್ವಾಸಕ್ಕೆ ಹೋದರೆ ಕೆಟ್ಟದ್ದು. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕೇ ಬೇಕು.

450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಗಾಜಿನ ನಾರಿನ ಮ್ಯಾಟಿನ ಮೂರು ತುಂಡು ಸೇರಿದರೆ ಸುಮಾರು 3 ಮಿ.ಮೀ. ದಪ್ಪ ಬರುತ್ತದೆ. 15x10 ಸೆಂ.ಮೀ. ಅಳತೆಯ ಮೂರು ತುಂಡಿನ ತೂಕ 20 ಗ್ರಾಂ. ಅದಕ್ಕೆ 50 ಗ್ರಾಂ ಪಾಲಿಯೆಸ್ಟರ್ ರೆಸಿನ್, ಶೇ 1ರಿಂದ 2ರಂತೆ ಹಾರ್ಡನರ್ ಅರ್ಧದಿಂದ ಒಂದು ಎಂಎಲ್. ಕಣ್ಣಂದಾಜು ಬೇಡ, ಸಿರಿಂಜಿನಲ್ಲಿ ಅಳೆಯಿರಿ. ಹೆಚ್ಚಾದರೆ ಕಪ್ಪಿನಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರವವನ್ನು ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟನ್ನೂ ಹಾರ್ಡನರನ್ನೂ ನೇರ ಬೆರೆಸಿದರೆ ಬೆಂಕಿ ಏಳುತ್ತದೆ, ಸಿಡಿಯಲೂಬಹುದು.

ಬ್ರಷ್ಷನ್ನು ಎಳೆಯದೆ ಕುಟ್ಟಿ ಕುಟ್ಟಿ ಹಚ್ಚಿ. ಮ್ಯಾಟ್ ತೊಯ್ದು ಪಾರದರ್ಶಕವಾಗಬೇಕು; ಬಿಳಿ ಚುಕ್ಕೆ ಉಳಿದಲ್ಲಿ ಗಾಳಿ ಇದೆ ಎಂದರ್ಥ. ಒಂದು ದಿನ ಬಿಟ್ಟು ಹೊರಗಿನ ಟೇಪ್ ಕಿತ್ತು, ಉಜ್ಜಿ, ತೆಳುವಾಗಿ ಪುಟ್ಟಿ, ಪ್ರೈಮರ್. ಮಳೆ ಸುರಿಯುವ ಆಟಿ ತಿಂಗಳಲ್ಲಿ ಈ ಕೆಲಸ ಹಿಡಿಯಬೇಡಿ, ತೇವ ಕುಡಿದ ಮ್ಯಾಟ್ ಸರಿಯಾಗಿ ಕಚ್ಚುವುದಿಲ್ಲ.

ಹೆಡ್‌ಲೈಟಿನ ಗುಟ್ಟೂ ಫೈಬರಿನಲ್ಲೇ ಇದೆ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ಥ್. ಫೈಬರಿನಲ್ಲಿ ಕರೆಂಟ್ ಹರಿಯದ ಕಾರಣ ಅರ್ಥ್‌ಗೂ ವಯರ್ ಎಳೆದಿರುತ್ತಾರೆ. ಅದು ಚಾಸಿಗೆ ಸೇರುವ ಜಾಗ ಹುಡುಕಿ, ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಬಳಿಯಿರಿ. ಲೈಟ್ ಹಾಕಿ ಬಲ್ಬಿನ ಅರ್ಥ್ ಪಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಮಲ್ಟಿಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು.

ಪ್ರಶ್ನೆ: ಕಾರಿನೊಳಗೆ ಎಡಬದಿಯ ಕಾರ್ಪೆಟ್ ಸದಾ ಒದ್ದೆ. ಯಾಕೆ?
(ಬದಿಯಡ್ಕದ ಓದುಗರು)

ಉತ್ತರ: ಬಿಸಿಲಿನ ದಿನ ಎಸಿ ಓಡಿಸಿದಾಗಲೂ ಒದ್ದೆಯಾದರೆ ಎಸಿಯ ನೀರು ಹೋಗುವ ಪೈಪು ಕಟ್ಟಿದೆ. ಮಳೆಗೆ ಮಾತ್ರವಾದರೆ ವೈಪರಿನ ಕೆಳಗಿರುವ ಕಪ್ಪು ಜಾಲರಿ ತೆಗೆದು ನೋಡಿ. ಗೇರು, ಹಲಸಿನ ಮರದಡಿ ನಿಲ್ಲಿಸುವ ಕಾರಿನಲ್ಲಿ ಅಲ್ಲಿ ಗೊಬ್ಬರದ ಗುಂಡಿಯೇ ಆಗಿರುತ್ತದೆ. ಎಲೆ ಕೈಯಲ್ಲಿ ಬಾಚಿ ತೆಗೆಯಿರಿ, ನೀರಿನ ಜೆಟ್ ಹಿಡಿದು ತೂತಿಗೆ ತಳ್ಳಬೇಡಿ. ಬಾಗಿಲ ಕೆಳ ಅಂಚಿನ ತೂತುಗಳನ್ನೂ ಬಿಡಿಸಿ. ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಹೀಟರ್ ಸೋರುತ್ತಿದೆ.

ಪ್ರಶ್ನೆ: ನಾನು ದುಬೈಯಲ್ಲಿ. ಐ20 ಎನ್ ಲೈನ್ ಊರಿನಲ್ಲಿ ಹನ್ನೊಂದು ತಿಂಗಳು ನಿಂತಿರುತ್ತದೆ. ಅಪ್ಪ ಪ್ರತಿ ಆದಿತ್ಯವಾರ ಐದು ನಿಮಿಷ ಸ್ಟಾರ್ಟ್ ಮಾಡುತ್ತಾರೆ. ಸಾಕೇ?
(ಮಂಜೇಶ್ವರದ ಓದುಗರು)

ಉತ್ತರ: ಅದನ್ನು ಮೊದಲು ನಿಲ್ಲಿಸಲು ಹೇಳಿ. ಐದು ನಿಮಿಷದಲ್ಲಿ ಆಯಿಲ್ ಕಾಯುವುದಿಲ್ಲ, ಸೈಲೆನ್ಸರಿನಲ್ಲಿ ಕೂತ ನೀರು ಆರುವುದಿಲ್ಲ, ಸ್ಟಾರ್ಟಿಗೆ ಖರ್ಚಾದ ಚಾರ್ಜೂ ಪೂರ್ತಿ ಮರಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವವರಿದ್ದರೆ ಸರಿ. ಇಲ್ಲವಾದರೆ ಹೊಸ ಆಯಿಲ್ ಹಾಕಿ, ಬ್ಯಾಟರಿಯನ್ನು 12.6 ವೋಲ್ಟಿಗೆ ಚಾರ್ಜ್ ಮಾಡಿ ಮೈನಸ್ ಟರ್ಮಿನಲ್ ಬಿಚ್ಚಿಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತುಕ್ಕಿಗೆ ಕಚ್ಚಿಕೊಳ್ಳುತ್ತದೆ, ಚಕ್ರಕ್ಕೆ ಅಡ್ಡಕಟ್ಟೆ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿಡಿ. ಟೈರಿಗೆ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ ಇರಲಿ. ಹೊದಿಕೆ ಬಟ್ಟೆಯದ್ದಿರಲಿ, ಪ್ಲಾಸ್ಟಿಕ್ ಆದರೆ ಒಳಗೇ ಬೆವರುತ್ತದೆ.

ಬ್ಯಾಟರಿ ಬಿಚ್ಚಿದ ಮೇಲೆ ರಿಮೋಟಿಗೆ ಬಾಗಿಲು ತೆರೆಯದು. ಕೀಯೊಳಗೆ ಅಡಗಿರುವ ಲೋಹದ ಕೀಲಿಯನ್ನು ಹೊರತೆಗೆದು, ಡ್ರೈವರ್ ಬಾಗಿಲನ್ನು ಅದರಲ್ಲಿ ಹೇಗೆ ತೆರೆಯುವುದೆಂದು ನಿಮ್ಮ ತಂದೆಯವರಿಗೆ ಒಮ್ಮೆ ತೋರಿಸಿಯೇ ವಿಮಾನ ಹತ್ತಿ.