ಮಳೆ ಸರಿಹೋಯಿತು, ಮಣ್ಣು?

ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಸಾವಿರ ಕಿಲೋಮೀಟರ್ ಆಚೆಯ ಹೊಗೆಯೇ ಒಂದು ಸರೋವರವನ್ನು ಕೆಡಿಸಿತು ಅಂತ ಹೇಗೆ ಹೇಳುತ್ತಾರೆ? ಯುರೋಪ್, ಅಮೆರಿಕದಲ್ಲಿ ಗಂಧಕದ ಹೊಗೆ ಇಷ್ಟು ತಗ್ಗಿದ ಮೇಲೂ ಆಮ್ಲಮಳೆಯನ್ನು, ಅಂದರೆ ಆ ಹೊಗೆ ಸೇರಿ ಆಮ್ಲವಾದ ಮಳೆಯನ್ನು, ಅಳೆಯುತ್ತಾ ಕೂರುವುದು ದಂಡವಲ್ಲವೇ?

ಒಂದೇ ಕಡೆ ಮಳೆನೀರು ಹಿಡಿದರೆ ಹೇಳಲಾಗುವುದಿಲ್ಲ, ನಿಜ. ಆದರೆ ನೂರಾರು ಕಡೆ, ಒಂದೇ ವಿಧಾನದಲ್ಲಿ, ವರ್ಷಗಟ್ಟಲೆ ಹಿಡಿದು, ಮಳೆ ಬಂದ ದಿನ ಗಾಳಿ ಯಾವ ದಾರಿಯಲ್ಲಿ ಬಂದಿತ್ತು ಎಂದು ಹಿಂದಕ್ಕೆ ಹುಡುಕುತ್ತಾ ಹೋದರೆ ಹೊಗೆಯ ಮೂಲ ಸಿಗುತ್ತದೆ. 1960ರ ದಶಕದ ಕೊನೆಗೆ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂತೆ ಓಡೆನ್ ಇಂಥ ಲೆಕ್ಕಗಳನ್ನೇ ಇಟ್ಟುಕೊಂಡು, ತಮ್ಮ ದೇಶದ ಮಳೆಯಲ್ಲಿನ ಆಮ್ಲ ಹೊರದೇಶಗಳಿಂದಲೂ ಬರುತ್ತಿದೆ ಎಂದರು. ದೇಶದೇಶಗಳ ನಡುವೆ ಜಗಳವಾಯಿತು, 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ಹೊಗೆಯ ಬಗ್ಗೆ ಒಪ್ಪಂದವೂ ಆಯಿತು.

ನಿಮ್ಮ ಎರಡನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಮೆರಿಕದ ಹಬರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಮಳೆಯನ್ನೂ ತೊರೆಯನ್ನೂ ಅಳೆಯುತ್ತಿದ್ದಾರೆ. ಶುರುವಿನಲ್ಲಿ ಮಳೆಯ ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 4ರ ಆಸುಪಾಸು ಇತ್ತು. ಶುದ್ಧ ಮಳೆಯದು 5.6. ಅಂತರ ಸಣ್ಣದೆನಿಸಬಹುದು, ಆದರೆ ಆಮ್ಲ ಹತ್ತಿರ ಹತ್ತಿರ 40 ಪಟ್ಟು ಜಾಸ್ತಿ. ಆಮೇಲೆ ಮಳೆ ಸುಧಾರಿಸಿತು, ಕಾಡು ಸುಧಾರಿಸಲಿಲ್ಲ. ಯಾಕೆಂದರೆ ಅಷ್ಟು ವರ್ಷದ ಆಮ್ಲ ಮಣ್ಣಿನ ಕ್ಯಾಲ್ಸಿಯಂ ಅನ್ನು ತೊಳೆದುಕೊಂಡು ಹೋಗಿತ್ತು. 1999ರಲ್ಲಿ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಇರುವ ಖನಿಜವನ್ನು ಒಂದು ಜಲಾನಯನದ ಮೇಲೆ ಸುರಿದಾಗ ಅಲ್ಲಿನ ಮೇಪಲ್ ಮರಗಳು ಚೇತರಿಸಿಕೊಂಡವು. ಬರೀ ಮಳೆಯನ್ನು ಅಳೆದು ಬಿಟ್ಟಿದ್ದರೆ ಇದು ಯಾರಿಗೆ ತಿಳಿಯುತ್ತಿತ್ತು?

ಜೀವಿಗಳ ವಿಷಯದಲ್ಲೂ ಹಾಗೆಯೇ. ಕೆನಡಾದಲ್ಲಿ ಸರೋವರಗಳ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ 1976ರಿಂದ ‘ಸರೋವರ 223’ಕ್ಕೆ ಬೇಕೆಂದೇ ಸ್ವಲ್ಪಸ್ವಲ್ಪ ಆಮ್ಲ ಸೇರಿಸುತ್ತಾ ಹೋಯಿತು. ಟ್ರೌಟ್ ಮೀನು ಮೊದಲು ಸಾಯಲಿಲ್ಲ. ಪಿಎಚ್ ಇನ್ನೂ 6ರ ಹತ್ತಿರ ಇರುವಾಗಲೇ ಅದು ತಿನ್ನುವ ಸಣ್ಣ ಸೀಗಡಿ, ಪುಟ್ಟ ಮೀನು ಕಾಣೆಯಾಗತೊಡಗಿದವು. ಟ್ರೌಟ್ ಹಸಿವಿನಿಂದ ಬಡಕಲಾಯಿತು. ದೊಡ್ಡ ಮೀನು ಇದೆಯಲ್ಲ ಅಂತ ಸುಮ್ನೆ ಕೂತವರಿಗೆ ಇದು ಕಾಣುವುದೇ ಇಲ್ಲ.

ಎಷ್ಟು ಸಲ ಅಳೆಯುತ್ತೀರಿ ಎಂಬುದೂ ಮುಖ್ಯ. ಹಿಮ ಬೀಳುವ ಕಡೆ ಚಳಿಗಾಲವಿಡೀ ಕೂಡಿದ ಆಮ್ಲ, ಹಿಮ ಕರಗತೊಡಗಿದ ಮೊದಲ ಕೆಲವೇ ದಿನಗಳಲ್ಲಿ ಹೊಳೆಗೆ ನುಗ್ಗುತ್ತದೆ. ಜೊತೆಗೆ ಮಣ್ಣಿನ ಅಲ್ಯೂಮಿನಿಯಂ ಬಂದು ಮೀನಿನ ಕಿವಿರಿಗೆ ಅಂಟುತ್ತದೆ. ತಿಂಗಳಿಗೊಮ್ಮೆ ನೀರು ತೆಗೆದವರ ಪುಸ್ತಕದಲ್ಲಿ ಆ ದಿನಗಳೇ ಇರುವುದಿಲ್ಲ. ಮರಿಗಳು ಸಾಯುವುದು ಆಗಲೇ.

– ಸಂ.