ಕೀ ಆಫ್ ಮಾಡಿದರೂ ಓಡುವ ಇಂಜಿನ್: ಮೊದಲು ಸೊಲೆನಾಯ್ಡ್ ವೈರ್ ಕಳಚಿ ನೋಡಿ

ಕೀ ಆಫ್ ಮಾಡಿದ ಮೇಲೂ ಇಂಜಿನ್ ಹತ್ತು ಸೆಕೆಂಡ್ ಎಳೆದಾಡಿ ನಿಲ್ಲುತ್ತದೆ, ಡೀಸೆಲ್ ಪಂಪ್ (ಇಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವುದು) ಬಾಷ್ ವಿಇ ರೋಟರಿ ಎಂದಿದ್ದೀರಿ. ಪಂಪ್ ಇಳಿಸಲು ಈಗಲೇ ಹೋಗಬೇಡಿ ಸರ್, ಹೆಚ್ಚಾಗಿ ಇದು ಕೀ ಆಫ್ ಆದಾಗ ಡೀಸೆಲ್ ನಿಲ್ಲಿಸುವ, ಪಂಪ್ ಮೇಲಿನ ಕರೆಂಟ್ ವಾಲ್ವ್, ಅಂದರೆ ಸ್ಟಾಪ್ ಸೊಲೆನಾಯ್ಡ್‌ನದೇ ತೊಂದರೆ.

ಐಡಲ್‌ನಲ್ಲಿ ಓಡುವಾಗ ಸೊಲೆನಾಯ್ಡ್ ವೈರ್ ಕಳಚಿ, ವೈರ್ ತುದಿ ಇಂಜಿನ್‌ನ ಲೋಹಕ್ಕೆ ತಾಗದಿರಲಿ. ತಕ್ಷಣ ನಿಂತರೆ ಸೊಲೆನಾಯ್ಡ್ ಸರಿಯಿದೆ. ಕೀ ಸ್ವಿಚ್ ಅಥವಾ ರಿಲೇಯಿಂದ ಕರೆಂಟ್ ಬರುತ್ತಲೇ ಇದೆ. ಆಗಲೂ ಎಳೆದಾಡಿದರೆ ಸೊಲೆನಾಯ್ಡ್ ಒಳಗಿನ ಪ್ಲಂಜರ್ (ಹಿಂದೆ ಮುಂದೆ ಜಾರುವ ಸಣ್ಣ ಕಡ್ಡಿ) ಡೀಸೆಲ್ ದಾರಿಯನ್ನು ಪೂರ್ತಿ ಮುಚ್ಚುತ್ತಿಲ್ಲ.

ಸೊಲೆನಾಯ್ಡ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಡೀಸೆಲ್ ಮತ್ತು ಬ್ರಷ್‌ನಿಂದ ಚೆನ್ನಾಗಿ ತೊಳೆಯಿರಿ. ಇದನ್ನು ಯಾರೂ ಮಾಡಲ್ಲ, ಆದರೆ ಸೊಲೆನಾಯ್ಡ್ ಕೂರುವ ರಂಧ್ರಕ್ಕೆ ಬಿದ್ದ ಒಂದು ಮರಳಿನ ಕಣ ನೇರ ಪಂಪ್ ಹೆಡ್‌ಗೆ ಹೋಗಿ ಗೀರು ಹಾಕುತ್ತದೆ. ಸಾಮಾನ್ಯವಾಗಿ 24 ಎಂಎಂ ಸ್ಪ್ಯಾನರ್ ಸಾಕು. ಪ್ಲಂಜರ್, ಸ್ಪ್ರಿಂಗ್ ಸಡಿಲವಾಗಿ ಬರುತ್ತವೆ, ಬೀಳಿಸಬೇಡಿ. ಪ್ಲಂಜರ್ ತುದಿಯ ರಬ್ಬರ್ ಉಬ್ಬಿದ್ದರೆ, ಸೀಳಿದ್ದರೆ ಸೊಲೆನಾಯ್ಡ್ ಬದಲಿಸಿ; 12 ವೋಲ್ಟೋ 24 ವೋಲ್ಟೋ ನೋಡಿ ತನ್ನಿ. ಬರೀ ಕಸ ಸಿಕ್ಕಿದ್ದರೆ ತೊಳೆದು ಹಾಕಿ, ಜೊತೆಗೆ ಡೀಸೆಲ್ ಫಿಲ್ಟರ್ ಬದಲಿಸಿ.

ಪ್ಲಂಜರ್ ತೆಗೆದು ಓಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಮೇಲೆ ಕೀಯಿಂದ ಇಂಜಿನ್ ನಿಲ್ಲುವುದೇ ಇಲ್ಲ. ಸೊಲೆನಾಯ್ಡ್ ಕೂರುವಲ್ಲಿನ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಉಂಗುರ) ಮಾತ್ರ ಹೊಸದೇ ಇರಲಿ, ಹಳೆಯದರಲ್ಲಿ ಡೀಸೆಲ್ ಜಿನುಗುತ್ತದೆ, ಗಾಳಿ ಎಳೆದು ಬೆಳಿಗ್ಗೆ ಸ್ಟಾರ್ಟ್ ತಡವಾಗುತ್ತದೆ.