ಶಾಲು ಎಲ್ಲಿ ಸಿಗುತ್ತೆ ಅಂತ ಕೇಳಿದ ತಿಪಟೂರಿನ ತಂಗಿಗೆ

ನಿನ್ ಮೆಸೇಜು ನೋಡ್ದೆ ಕಣಮ್ಮ. ತಿಪಟೂರು ಅಂತ ಓದಿದ ತಕ್ಷಣ ಏಕವಚನ ಬಂದ್ಬಿಡ್ತು, ಬೇಜಾರ್ ಮಾಡ್ಕೋಬೇಡ. ನಮ್ದು ಗುಬ್ಬಿ ಕಡೆ, ಬೆಂಗ್ಳೂರಿಂದ ರೈಲಲ್ಲಿ ಬಂದ್ರೆ ನಿಮ್ಗಿಂತ ಸ್ವಲ್ಪ ಮುಂಚೆ ಇಳೀತೀವಿ, ಅಷ್ಟೇ ವ್ಯತ್ಯಾಸ.

ನೀನು ಕೇಳಿರೋದು ನಾಲ್ಕೈದು ವಿಷ್ಯ. ಇಂಗ್ಲೆಂಡಿನ ಲೀಡ್ಸಿಗೆ ಓದೋಕೆ ಬಂದು ನಾಲ್ಕು ತಿಂಗ್ಳಾಯ್ತು, ಬಾಡಿಗೆ, ಚಳಿ, ಊಟ ಹೆಂಗೆ ನಿಭಾಯಿಸೋದು ಅಂತ ಒಂದು. ನಿಮ್ ಕಡೆ ಕನ್ನಡದವ್ರೆಲ್ಲ ಸೇರಿ ಯುಗಾದಿ ಫಂಕ್ಷನ್ನಲ್ಲಿ ನಿಮ್ಮ ಬೀದಿ ತಾತ ಒಬ್ರಿಗೆ ಸನ್ಮಾನ ಮಾಡ್ಬೇಕು ಅಂತಿದಾರೆ, ಅವ್ರು ಕೊನೇ ದಿನಗಳ ರೋಗಿಗಳ್ನ ನೋಡ್ಕೊಳ್ಳೋ ಹಾಸ್ಪಿಸ್‌ಗೆ ವರ್ಷಾನುಗಟ್ಲೆಯಿಂದ ದುಡ್ಡು ಸೇರಿಸ್ತಿದಾರೆ, ಶಾಲು ಹಾರ ಪೇಟ ತರೋ ಜವಾಬ್ದಾರಿ ನಿನ್ ತಲೆ ಮೇಲೆ ಬಿದ್ದಿದೆ, ಎಲ್ಲಿ ಸಿಗುತ್ತೆ ಅಂತ ಇನ್ನೊಂದು. ಫಂಕ್ಷನ್ನಲ್ಲಿ ಉಳಿದ ದುಡ್ಡನ್ನ ಊರಿನ ಸರ್ಕಾರಿ ಸ್ಕೂಲಿಗೆ ಕಳಿಸ್ಬೋದಾ ಅಂತ ಕೊನೇದು.

ಬಾಡಿಗೆ ಬಗ್ಗೆ ನನ್ನ ಕೇಳ್ಬೇಡ, ಬಾಡಿಗೆ ಮನೆ ಬಿಟ್ಟು ಹದಿಮೂರು ವರ್ಷ ಆಯ್ತು, ನನ್ ಲೆಕ್ಕ ಎಲ್ಲ ಹಳೇ ಲೆಕ್ಕ. ಮನೇಲಿರೋರು ಎಲ್ರೂ ಫುಲ್‌ಟೈಮ್ ಸ್ಟೂಡೆಂಟ್ಸೇ ಆದ್ರೆ ಕೌನ್ಸಿಲ್ ಟ್ಯಾಕ್ಸ್, ಅಂದ್ರೆ ಇಲ್ಲಿನ ಮುನಿಸಿಪಾಲಿಟಿ ಮನೆ ತೆರಿಗೆ, ಇಲ್ಲ, ಅದನ್ನ ಮಾತ್ರ ಮರೀಬೇಡ. ಚಳಿಗೆ ದಪ್ಪನೇದು ಒಂದರ ಬದ್ಲು ತೆಳ್ಳನೇವು ಮೂರು ಹಾಕು. ಜಿಪಿ, ಅಂದ್ರೆ ಏರಿಯಾ ಡಾಕ್ಟ್ರು, ಅವ್ರ ಹತ್ರ ರಿಜಿಸ್ಟರ್ ಮಾಡ್ಸಿಲ್ಲ ಅಂದ್ರೆ ನಾಳೇನೇ ಹೋಗು, ಜ್ವರ ಬಂದ್ಮೇಲೆ ಓಡಾಡೋಕೆ ಆಗಲ್ಲ. ರಾಗಿ ಹಿಟ್ಟು ಸಿಗುತ್ತೆ, ಮುದ್ದೆ ಮಾತ್ರ ಊರಿನ ಥರ ಬರಲ್ಲ, ನೀರೋ ಹಿಟ್ಟೋ ನಮ್ ಕೈಯೋ ಗೊತ್ತಿಲ್ಲ. ಕೊಬ್ಬರಿ ತರ್ಸೋ ಆಸೆ ಬಿಟ್ಬಿಡು, ತಿಪಟೂರಿನೋಳಿಗೆ ಇದನ್ನ ಹೇಳೋಕೆ ಸಂಕಟ ಆಗುತ್ತೆ, ಆದ್ರೆ ಎಣ್ಣೆ ಅಂಶ ಇರೋದ್ರಿಂದ ಬೆಂಕಿ ಹತ್ಕೊಳ್ಳುತ್ತೆ ಅಂತ ಏರ್‌ಪೋರ್ಟಲ್ಲಿ ಕಿತ್ಕೊಂಡ್ಬಿಡ್ತಾರೆ, ನಮ್ಮಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡಿದ್ರು.

ಈಗ ಸನ್ಮಾನದ ವಿಷ್ಯ.

ನಾನು ಈ ದೇಶಕ್ಕೆ ಬಂದಿದ್ದು 2004ರ ನವೆಂಬರ್ ಮೊದಲ್ನೇ ವಾರ. ಬಂದು ಮೂರನೇ ದಿನ ಸೂಪರ್‌ಮಾರ್ಕೆಟ್ಟಿಗೆ ಹೋದ್ರೆ ಎಲ್ರ ಕೋಟಿನ ಮೇಲೂ ಒಂದೊಂದು ಕೆಂಪು ಕಾಗದದ ಹೂವು, ಏನೋ ಎಲೆಕ್ಷನ್ ಇರ್ಬೇಕು, ಇದು ಯಾವ್ದೋ ಪಾರ್ಟಿ ಗುರುತು ಅಂದ್ಕೊಂಡೆ. ಬಾಗಿಲ ಹತ್ರ ಒಬ್ಬ ಆಯಮ್ಮ, ಎಪ್ಪತ್ತರ ಹತ್ರ ವಯಸ್ಸು, ಕುತ್ತಿಗೆಗೆ ಹೂವಿನ ಟ್ರೇ ನೇತಾಕ್ಕೊಂಡು ಕೈಲಿ ಡಬ್ಬ ಹಿಡ್ಕೊಂಡು ನಿಂತಿದ್ರು, ಪಾಪ ಈ ವಯಸ್ಸಲ್ಲಿ ಈ ಚಳೀಲಿ ಹೊಟ್ಟೆಪಾಡಿಗೆ ನಿಂತಿದಾರೆ ಅಂತ ಒಂದು ಪೌಂಡ್ ಹಾಕಿ ತಲೆ ತಗ್ಗಿಸ್ಕೊಂಡು ಸರಸರ ನಡೆದ್ಬಿಟ್ಟೆ. ಆಯಮ್ಮ ಹಿಂದೇನೇ ಓಡಿ ಬಂದ್ರು, ನಿನ್ ಹೂವು ಮರ್ತೆ ಅಂತ ಹೇಳಿ ನನ್ ಜಾಕೆಟ್ಟಿಗೆ ಚುಚ್ಚಿ ಹೋದ್ರು. ನವೆಂಬರ್ 11ರವರೆಗೂ ಯುದ್ಧಕ್ಕೆ ಹೋಗಿದ್ದ ಸೈನಿಕರ ಮತ್ತೆ ಅವ್ರ ಸಂಸಾರಗಳ ಸಹಾಯಕ್ಕೆ ದುಡ್ಡು ಸೇರಿಸೋ ಪಾಪಿ ಅಪೀಲ್ ಅದು, ಪಾಪಿ ಅಂದ್ರೆ ಇಂಗ್ಲಿಷಲ್ಲಿ ಆ ಕೆಂಪು ಗಸಗಸೆ ಹೂವು, ಅಂತ ಆಮೇಲೆ ಆಫೀಸಲ್ಲಿ ಹೇಳಿದ್ರು. ಆಯಮ್ಮ ಹೊಟ್ಟೆಪಾಡಿಗೆ ನಿಂತೋರಲ್ಲ, ರಿಟೈರ್ಡ್ ಹೆಡ್ ಮಿಸ್ಸು, ನಮ್ ಬೀದಿಯಿಂದ ಎರಡನೇ ಬೀದೀಲೇ ಮನೆ. ನವೆಂಬರಲ್ಲಿ ಪಾಪಿ, ಉಳಿದ ತಿಂಗ್ಳೆಲ್ಲ ಹಾಸ್ಪಿಸ್ ಡಬ್ಬ.

ಹಾಸ್ಪಿಸ್ ಅಂದ್ರೆ ನಿಂಗೆ ಗೊತ್ತಿರುತ್ತೆ, ಇನ್ನು ವಾಸಿ ಆಗಲ್ಲ ಅನ್ನೋ ಕಾಯಿಲೆಯವ್ರನ್ನ ನೋವಿಲ್ದಂಗೆ ನೋಡ್ಕೊಳ್ಳೋ ಜಾಗ, ಸಿಸಿಲಿ ಸಾಂಡರ್ಸ್ ಅನ್ನೋರು ಲಂಡನ್ನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುರು ಮಾಡಿದ್ಮೇಲೆ ಈಗಿನ ಥರದ ಹಾಸ್ಪಿಸ್‌ಗಳು ಎಲ್ಲ ಕಡೆ ಹಬ್ಬಿದ್ದು. ಸರ್ಕಾರದಿಂದ ಬರೋದು ಖರ್ಚಿನ ಒಂದು ಭಾಗ ಮಾತ್ರ, ಉಳಿದಿದ್ದೆಲ್ಲ ಹಿಂಗೆ ಡಬ್ಬ, ಹಳೇ ಬಟ್ಟೆ ಅಂಗಡಿ, ಕೇಕ್ ಮಾರೋದು, ಮ್ಯಾರಥಾನ್ ಓಡೋದು, ಇದ್ರಿಂದಾನೇ ಆಗ್ಬೇಕು. ಇಲ್ಲಿ ಏರ್ ಆಂಬುಲೆನ್ಸ್ ಹೆಲಿಕಾಪ್ಟರು ಹಾರೋದೂ ಬಹುತೇಕ ಜನರ ದುಡ್ಡಲ್ಲೇ, ಸಮುದ್ರದಲ್ಲಿ ಮುಳುಗ್ತಿರೋರನ್ನ ಎತ್ತೋ ದೋಣಿಯವ್ರೂ 1824ರಿಂದ ಹಂಗೇ ನಡೆಸ್ತಿದಾರೆ. ನಂಗೆ ಮೊದ್ಲು ಇದು ವಿಚಿತ್ರ ಅನ್ನಿಸ್ತು, ಇಷ್ಟು ದುಡ್ಡಿರೋ ದೇಶ, ಡಬ್ಬ ಹಿಡ್ಕೊಂಡು ನಿಲ್ಲೋದಾ ಅಂತ. ಆಮೇಲೆ ನಾಚ್ಕೆ ಆಯ್ತು. ನಾನು ಹೈಸ್ಕೂಲ್ ಮೂರು ವರ್ಷ ಸಿದ್ಧಗಂಗಾ ಮಠದಲ್ಲಿ ಓದಿದೋನು, ಆಗ್ಲೇ ಸಾವಿರಾರು ಹುಡುಗ್ರು, ಮೂರು ಹೊತ್ತು ಉಂಡಿದ್ದು ಯಾರ್ಯಾರೋ ಹಳ್ಳಿಯವ್ರು ಗಾಡಿ ಕಟ್ಕೊಂಡು ತಂದು ಸುರಿದ ರಾಗಿ, ಕಾಯಿ. ಭಿಕ್ಷೆಗೆ ಬುದ್ಧಿಯೋರೇ, ಅಂದ್ರೆ ಮಠದ ಶಿವಕುಮಾರ ಸ್ವಾಮೀಜಿಯೋರೇ, ಊರೂರು ಹೋಗ್ತಿದ್ರು. 2019ರ ಜನವರಿ 21ಕ್ಕೆ 111ನೇ ವಯಸ್ಸಲ್ಲಿ ಬುದ್ಧಿಯೋರು ಲಿಂಗೈಕ್ಯರಾದಾಗ ಇಲ್ಲಿನ್ನೂ ಬೆಳಕು ಹರಿದಿರ್ಲಿಲ್ಲ, ಅಡುಗೆ ಮನೇಲಿ ಒಬ್ನೇ ಕೂತು ಫೋನ್ ನೋಡ್ತಿದ್ದೆ. ಆವತ್ತು ಆಫೀಸಲ್ಲಿ ಯಾರಿಗೂ ಏನು ಅಂತ ವಿವರಿಸೋಕೆ ಆಗ್ಲಿಲ್ಲ.

ಎಲ್ಲಿಗೋ ಹೋದೆ. 2016ರ ರಾಜ್ಯೋತ್ಸವಕ್ಕೆ ನಾವೊಂದಿಪ್ಪತ್ತು ಮನೆಯವ್ರು ಸೇರಿ ಆ ಪಾಪಿ ಆಯಮ್ಮನಿಗೆ ಸನ್ಮಾನ ಇಟ್ಕೊಂಡ್ವಿ. ನನ್ನದೇ ಐಡಿಯಾ. ನಮ್ಮ ಪದ್ಧತಿ ನಿಂಗೆ ಹೇಳ್ಬೇಕಾ, ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫಲಕ, ಹಾಲ್ ಬಾಡಿಗೆ ಬಿಟ್ಟು ಬರೀ ಇದಕ್ಕೇ 180 ಪೌಂಡ್ ಆಯ್ತು. ಪೇಟ ಆಯಮ್ಮನ ಕಿವಿ ತನಕ ಇಳೀತು. ಆಮೇಲೆ ಭಾಷಣ. ಆಯಮ್ಮನ ಬಗ್ಗೆ ಮಾತಾಡ್ತೀನಿ ಅಂತ ಮೈಕ್ ಹಿಡಿದ ಆರು ಜನಾನೂ ತಮ್ ಬಗ್ಗೆನೇ ಮಾತಾಡಿದ್ರು, ನಾನೂ ಸೇರಿ. ಮುಕ್ಕಾಲು ಗಂಟೆ ಪಾಪ ಪೇಟ ಕೈಯಲ್ಲಿ ಹಿಡ್ಕೊಂಡು ನಗ್ತಾ ಕೂತಿದ್ರು.

ಮುಂದಿನ ವಾರ ಹಾಸ್ಪಿಸ್ ಅಂಗಡಿ ಕಡೆ ಹೋದ್ರೆ ನಮ್ ಹಣ್ಣಿನ ಬುಟ್ಟಿ ರಾಫಲ್, ಅಂದ್ರೆ ಲಾಟ್ರಿ, ಟೇಬಲ್ ಮೇಲಿತ್ತು. ಪಕ್ಕದಲ್ಲೇ ಶಾಲು. ಟಿಕೆಟ್ ಒಂದು ಪೌಂಡ್. ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ ಮನೆಗೆ ಬಂದು ಹೆಂಡ್ತಿ ಮೇಲೆ ಕೂಗಾಡಿದೆ, ಸನ್ಮಾನದ ಶಾಲನ್ನ ಲಾಟ್ರಿಗೆ ಇಡ್ತಾರಾ ಯಾರಾದ್ರೂ ಅಂತ. ಎರಡು ದಿನ ಬಿಟ್ಟು ಆಯಮ್ಮನೇ ಮನೆಗೆ ಬಂದ್ರು, ಎಷ್ಟು ಖುಷಿ ಮುಖದಲ್ಲಿ, ನಿಮ್ಮ ಶಾಲಿನಿಂದ 64 ಪೌಂಡ್ ಬಂತು ಅಂತ. ಆಮೇಲೆ ಮೆಲ್ಲಗೆ, ಈ ಶನಿವಾರ ಹತ್ತರಿಂದ ಹನ್ನೆರಡಕ್ಕೆ ಡಬ್ಬ ಹಿಡಿಯೋಕೆ ಜನ ಇಲ್ಲ, ನೀನು ಬರ್ತೀಯಾ ಅಂದ್ರು. ಹನ್ನೆರಡು ವರ್ಷದಿಂದ ನೋಡ್ತಿದೀನಿ ಆಯಮ್ಮನ್ನ, ಹೋಗ್ತಾ ಬರ್ತಾ ಚಿಲ್ಲರೆ ಹಾಕಿದೀನಿ, ಕೈಯಿಂದ ಆ ಡಬ್ಬ ಈಸ್ಕೊಂಡು ನೀವು ಟೀ ಕುಡ್ಕೊಂಬನ್ನಿ ಅಂತ ಒಂದಿನಾನೂ ಅಂದಿರ್ಲಿಲ್ಲ.

ಅದಕ್ಕೇ ಹೇಳ್ತಿರೋದು. ಶಾಲು ಲೆಸ್ಟರಲ್ಲಿ ಬೇಕಾದಷ್ಟು ಸಿಗುತ್ತೆ, ತಗೋ, ಒಂದು ಶಾಲು ಸಾಕು, ಪೇಟ ಬೇಡ. ಆದ್ರೆ ಯುಗಾದಿಗೆ ಮುಂಚೆ ನಿಮ್ ಹುಡುಗ್ರು ಒಂದು ನಾಲ್ಕು ಶನಿವಾರ ಆ ತಾತನ ಜೊತೆ ನಿಂತ್ಕೊಳ್ಳಿ. ಸುಮ್ನೆ ನೀವೇ ಡಬ್ಬ ಮಾಡ್ಕೊಂಡು ರೋಡಲ್ಲಿ ನಿಂತ್ಬಿಡ್ಬೇಡಿ ಮತ್ತೆ, ನಮ್ಮೂರಲ್ಲಿ ಗಣೇಶನ ಚಂದಾಗೆ ರೋಡಿಗೆ ಹಗ್ಗ ಕಟ್ಟಿದಂಗಲ್ಲ ಇದು, ರಸ್ತೇಲಿ ಸೇರಿಸೋಕೆ ಕೌನ್ಸಿಲ್ ಪರ್ಮಿಷನ್ ಬೇಕು, ಡಬ್ಬ ಸೀಲ್ ಆಗಿರ್ಬೇಕು, ಗಲಗಲ ಅಲ್ಲಾಡಿಸೋದೂ ಮರ್ಯಾದೆ ಅಲ್ಲ. ಹಾಸ್ಪಿಸ್‌ನವ್ರ ಮೂಲಕಾನೇ ಹೋಗಿ. ನೀನು ಸ್ಟೂಡೆಂಟ್ ವೀಸಾದಲ್ಲಿರೋದು, ಹಿಂಗೆ ಬಿಡುವಾದಾಗ ಹೋಗಿ ನಿಲ್ಲೋದು ಪರವಾಗಿಲ್ಲ, ಆದ್ರೆ ಅಂಗಡೀಲಿ ಇಂಥ ದಿನ ಇಷ್ಟು ಗಂಟೆ ಬರ್ಲೇಬೇಕು ಅಂತ ಒಪ್ಪಂದ ಮಾಡ್ಕೊಂಡ್ರೆ ಸಂಬಳ ಇಲ್ದಿದ್ರೂ ಅದು ನಿಂಗೆ ಕೆಲ್ಸಕ್ಕೆ ಬಿಟ್ಟಿರೋ ವಾರದ 20 ಗಂಟೆ ಲೆಕ್ಕಕ್ಕೆ ಬರ್ಬೋದು, ಯೂನಿವರ್ಸಿಟೀಲಿ ಕೇಳ್ಕೊಂಡೇ ಹೆಜ್ಜೆ ಇಡು. ಫಂಕ್ಷನ್ನಲ್ಲಿ ಹಾಸ್ಪಿಸ್‌ಗೆ ಅಂತ ದುಡ್ಡು ಸೇರಿಸಿದ್ರೆ ಗಿಫ್ಟ್ ಏಡ್ ಫಾರಂ ಇಟ್ಕೊಳ್ಳಿ, ಇಲ್ಲಿ ಇನ್‌ಕಂ ಟ್ಯಾಕ್ಸ್ ಕಟ್ಟೋರು ಹೆಸ್ರು ವಿಳಾಸ ಬರ್ದು ಟಿಕ್ ಹಾಕಿದ್ರೆ ಪ್ರತಿ ಪೌಂಡಿಗೂ 25 ಪೆನ್ನಿ ಸರ್ಕಾರ ಸೇರಿಸಿ ಕೊಡುತ್ತೆ. ನಮ್ಮೋರು ವಿಳಾಸ ಕೊಡೋಕೆ ಹೆದರಿ ಇದನ್ನ ಸುಮ್ನೆ ಕಳ್ಕೊಳ್ತಾರೆ.

ಇನ್ನೊಂದು ದಾರಿ ಇದೆ. ಇಲ್ಲಿ ಬ್ರಿಟಿಷ್ ಎಂಪೈರ್ ಮೆಡಲ್ ಅಂತ ಕೊಡ್ತಾರೆ, ಊರಿಗೆ ಹಿಂಗೆ ದುಡಿದೋರಿಗೆ, ಮಧ್ಯ ನಿಂತೋಗಿತ್ತು, 2012ರಲ್ಲಿ ಮತ್ತೆ ಶುರು ಆಯ್ತು. ಯಾರು ಬೇಕಾದ್ರೂ ಇನ್ನೊಬ್ರ ಹೆಸ್ರು ಸೂಚಿಸ್ಬೋದು, ಆನ್‌ಲೈನಲ್ಲೇ, ಜೊತೆಗೆ ಅವ್ರನ್ನ ಬಲ್ಲ ಇಬ್ರ ಪತ್ರ ಬೇಕು, ವರ್ಷದ ಮೇಲೇ ಕಾಯ್ಬೇಕಾಗುತ್ತೆ. ಮುಖ್ಯ ಏನಂದ್ರೆ ಹೆಸ್ರು ಕೊಟ್ಟಿರೋದು ಅವ್ರಿಗೆ ಹೇಳ್ಬಾರ್ದು. ನಮ್ ತಾಲ್ಲೂಕಲ್ಲಿ ತಮ್ ಬಯೋಡೇಟಾ ತಾವೇ ಹಿಡ್ಕೊಂಡು ಅಲೆಯೋರನ್ನ ನೋಡಿದ ನಂಗೆ ಇದು ಬಹಳ ಹಿಡಿಸ್ತು.

ಊರಿನ ಸ್ಕೂಲಿಗೆ ಕಳ್ಸೋ ವಿಷ್ಯ, ಹುಷಾರು. ಇಂಡಿಯನ್ ಪಾಸ್‌ಪೋರ್ಟ್ ಇರೋ ನೀನು ನಿನ್ ಸ್ವಂತ ಉಳಿತಾಯದ ದುಡ್ಡು ಬ್ಯಾಂಕ್ ಮೂಲಕ ಕೊಟ್ರೆ ತೊಂದ್ರೆ ಇಲ್ಲ. ಆದ್ರೆ ಇಲ್ಲಿ ಎಲ್ರ ಹತ್ರ ಎತ್ತಿದ ದುಡ್ಡು ವಿದೇಶಿ ದೇಣಿಗೆ ಅನ್ನಿಸ್ಕೊಳ್ಳುತ್ತೆ, ಅದನ್ನ ಈಸ್ಕೊಳ್ಳೋ ಊರಿನ ಟ್ರಸ್ಟಿಗೆ ವಿದೇಶಿ ದೇಣಿಗೆ ಕಾನೂನಿನ, ಅಂದ್ರೆ ಎಫ್‌ಸಿಆರ್‌ಎ ರಿಜಿಸ್ಟ್ರೇಷನ್ ಇರ್ಬೇಕು, 2020ರ ತಿದ್ದುಪಡಿ ಆದ್ಮೇಲೆ ಅದು ಮೊದ್ಲು ದೆಹಲಿಯ ಸ್ಟೇಟ್ ಬ್ಯಾಂಕ್ ಮೇನ್ ಬ್ರಾಂಚಿಗೇ ಬರ್ಬೇಕು. ನಾನು 2012ರಲ್ಲಿ ಇಲ್ಲಿನ ಪಾಸ್‌ಪೋರ್ಟ್ ತಗೊಂಡೆ, ಹಂಗಾಗಿ ಗುಬ್ಬಿ ತಾಲ್ಲೂಕಲ್ಲಿ ಹುಟ್ಟಿ ಮಠದ ಮುದ್ದೆ ಉಂಡು ಬೆಳೆದ ನನ್ ದುಡ್ಡೂ ಈಗ ನನ್ನೂರಿಗೆ ವಿದೇಶಿ ದುಡ್ಡು. ಕಾನೂನು ಸರಿ ಇರ್ಬೋದು. ಓದ್ದಾಗ ಮಾತ್ರ ಹೊಟ್ಟೆ ಹಿಂಡ್ದಂಗಾಯ್ತು.

ಪಾಸ್‌ಪೋರ್ಟ್ ಬದ್ಲಾಗೋ ಮುಂಚೆ, 2010ರಲ್ಲಿ, ನಮ್ಮೂರ ಸ್ಕೂಲ್ ಕಾಂಪೌಂಡಿಗೆ ಒಂದು ಲಕ್ಷ ಕೊಟ್ಟಿದ್ದೆ. ದನ ನುಗ್ತಿದ್ವು ಅಂತ ಸ್ಕೂಲ್ ಕಮಿಟಿ, ಅಂದ್ರೆ ಎಸ್‌ಡಿಎಂಸಿಯವ್ರು ಶುರು ಮಾಡಿದ್ದು, ದುಡ್ಡು ಸಾಲ್ದೆ ಅರ್ಧಕ್ಕೆ ನಿಂತಿತ್ತು. ಅದನ್ನ ಎಬ್ಸಿದ್ದು ಬಸ್‌ಸ್ಟ್ಯಾಂಡಲ್ಲಿ ಹೂವು ಕಟ್ಟಿ ಮಾರೋ ಅಜ್ಜಿ. ಮೊಮ್ಮಗಳ ಲೆಕ್ಕದ ನೋಟ್‌ಬುಕ್ ಹಿಡ್ಕೊಂಡು ಒಂದು ವರ್ಷ ಮನೆಮನೆಗೆ ಹೋದ್ರು, ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ, ದುಡ್ಡಿಲ್ಲ ಅಂದೋರ ಹತ್ರ ಎರಡು ತೆಂಗಿನಕಾಯಿ, ಒಂದು ಸೇರು ರಾಗಿ, ಎಲ್ಲ ಮಾರಿ 61 ಸಾವ್ರ ಮಾಡಿದ್ರು. ಮೇಷ್ಟ್ರು ಆ ನೋಟ್‌ಬುಕ್ ನಂಗೆ ತೋರ್ಸಿದ್ರು, ಅಜ್ಜಿಗೆ ಬರೆಯೋಕೆ ಬರಲ್ಲ, ಒಂದೊಂದು ಮನೇಲಿ ಒಂದೊಂದು ಕೈಬರಹ.

ಕಾಂಪೌಂಡ್ ಉದ್ಘಾಟನೆಗೆ ನಾನು ರಜಾ ಹಾಕಿ ಹೋದೆ. ಸ್ಟೇಜ್ ಮೇಲೆ ನಂಗೆ ಪೇಟ, ಶಾಲು, ಆಳುದ್ದ ಸೇವಂತಿಗೆ ಹಾರ. ಕಲ್ಲಲ್ಲಿ ಕೊಡುಗೈ ದಾನಿಗಳು ಅಂತ ನನ್ ಹೆಸ್ರು, ಲಂಡನ್ ಅಂತ ಬೇರೆ, ನಾನು ಲಂಡನ್ನಲ್ಲಿ ಒಂದಿನಾನೂ ಇದ್ದೋನಲ್ಲ. ಮೈಕ್ ಕೊಟ್ರು, ಶಾಸಕರಿಂದ ಹಿಡಿದು ಶಾಮಿಯಾನದವ್ನ ತನಕ ಎಲ್ರಿಗೂ ಥ್ಯಾಂಕ್ಸ್ ಹೇಳ್ದೆ. ಅಜ್ಜಿ ಹಿಂದುಗಡೆ ಮೊಸರನ್ನ ಬಡಿಸ್ತಿದ್ರು. ಊಟಕ್ಕೆ ಕೂತಾಗ ನನ್ ಹಾರ ನೋಡಿ, ಎಂಗೈತಪ್ಪ, ರಾತ್ರಿ ಎಲ್ಲ ಕೂತು ಕಟ್ಟಿದ್ದು ಅಂದ್ರು. ಆಗ್ಲಾದ್ರೂ ಎದ್ದು ಹಾರ ತೆಗ್ದು ಆ ಕೊರಳಿಗೆ ಹಾಕ್ಬೋದಿತ್ತಲ್ವಾ, ಚೆನ್ನಾಗೈತೆ ಅಜ್ಜಿ ಅಂದೆ, ಇನ್ನೊಂದು ಸ್ವಲ್ಪ ಉಪ್ಪಿನಕಾಯಿ ಹಾಕಿಸ್ಕೊಂಡೆ.

2014ರಲ್ಲಿ ಅಜ್ಜಿ ತೀರ್ಕೊಂಡ್ರು, ಅಮ್ಮ ಫೋನಲ್ಲಿ ಬೆಳೆ ಮಳೆ ಸುದ್ದಿ ಮಧ್ಯ ಹೇಳಿದ್ರು. ಆ ಪಾಪಿ ಆಯಮ್ಮನಿಗೆ ಅಷ್ಟು ಜೋರಾಗಿ ಮಾಡ್ಸಿದ್ದು ಇದಕ್ಕೇ ಏನೋ, ನಂಗೇ ಗೊತ್ತಿಲ್ಲ. 2017ರಲ್ಲಿ ಊರಿಗೆ ಹೋದಾಗ ಸ್ಕೂಲಿಗೆ ಹೋಗಿ, ಕಲ್ಲಲ್ಲಿ ಅಜ್ಜಿ ಹೆಸ್ರೂ ಕೆತ್ತಿಸಿ, ಖರ್ಚು ನಂದು ಅಂದೆ. ಹೊಸ ಹೆಡ್‌ಮೇಷ್ಟ್ರು ಪೆನ್ನು ತಗೊಂಡು, ಆಗ್ಲಿ ಸಾರ್, ಹೆಸ್ರೇನು ಬರ್ಕೊಳ್ಲಿ ಅಂದ್ರು. ನನ್ ಬಾಯಿ ಕಟ್ಟೋಯ್ತು. ಹುಟ್ಟಿದಾಗಿಂದ ಹೂವಿನ ಅಜ್ಜಿ ಅಂತಾನೇ ಕರೆದಿರೋದು. ಅಕ್ಕಪಕ್ಕದೋರ ಕೇಳಿದ್ರೆ ಒಬ್ರು ಒಂದು ಹೆಸ್ರು ಹೇಳಿದ್ರು, ಇನ್ನೊಬ್ರು ಇನ್ನೊಂದು, ಮೊಮ್ಮಗಳು ಮದ್ವೆಯಾಗಿ ಎಲ್ಲೋ ಹೋಗಿದಾಳೆ. ರಜಾ ಮುಗೀತು, ಬಂದ್ಬಿಟ್ಟೆ. ಕಲ್ಲು ಇನ್ನೂ ಹಂಗೇ ಇದೆ.

ನಿನ್ ಮೆಸೇಜಲ್ಲಿ ಮೂರು ಸಲ ನಮ್ ಬೀದಿ ತಾತ, ನಮ್ ಬೀದಿ ತಾತ ಅಂತ ಬರ್ದಿದೀಯ ಕಣಮ್ಮ. ಈ ಶನಿವಾರ ಗ್ಲೌಸ್ ಹಾಕ್ಕೊಂಡು ಹೋಗಿ ಅವ್ರ ಪಕ್ಕ ನಿಂತ್ಕೊ, ಮಾತಾಡ್ತಾ ಪೂರ್ತಿ ಹೆಸ್ರು ಕೇಳ್ಕೊ, ಸ್ಪೆಲ್ಲಿಂಗ್ ಸಮೇತ ನಂಗೆ ಕಳ್ಸು. ಮೆಡಲ್ ಫಾರಂ ನಾನು ಕೂತು ತುಂಬ್ತೀನಿ.